ರಸ್ತೆ ಕಡೆಯ ಮಂಚ

ಗಣಿಗಾರಿಕೆ ಜೋರಾಗಿದ್ದ ವರ್ಷಗಳ ಒಂದು ಬೇಸಿಗೆ, ಬೆಳಗಿನ ಹೊತ್ತು. ಬಳ್ಳಾರಿ ಊರು ಮುಗಿದು ಕುರುಗೋಡಿನ ರಸ್ತೆ ಶುರುವಾಗುವಲ್ಲಿ ನಮ್ಮ ಮನೆ. ಅದರ ಜಗುಲಿಯ ಮೇಲೆ, ರಸ್ತೆಗೆ ಮುಖ ಮಾಡಿ, ನಾನು ನಿಂತಿದ್ದೆ. ಅವ್ವನ ಮಂಚದ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ಅಣ್ಣನ ಕೈಯಲ್ಲಿ. ಎಲ್ಲಿ ಇಳಿಸಬೇಕೆಂದು ಅಪ್ಪ ತೋರಿಸುತ್ತಿದ್ದ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆತನ. ಗಾದಿಗಳು ಬ್ರೂಸ್‌ಪೇಟೆಯ ಅಂಗಡಿಗಳಿಗೆ ಹೋಗುತ್ತಿದ್ದವು. ಯಾರಿಗೆ ಕೆಮ್ಮು ಬಂದರೂ ನಮ್ಮ ಹಿರಿಯರು ಬೇರೆ ಕಾರಣ ಹುಡುಕುತ್ತಿರಲಿಲ್ಲ. ಹತ್ತಿಯ ದೂಳು ಎದೆಗೆ ಹೋಯಿತು ಎನ್ನುತ್ತಿದ್ದರು, ಬೆಲ್ಲ ತಿನ್ನಿಸುತ್ತಿದ್ದರು, ಹತ್ತಿ ಹಿಂಜುವ ಮಷೀನಿನಿಂದ ದೂರ ಕೂರಿಸುತ್ತಿದ್ದರು. ಅವ್ವನಿಗೆ ಉಬ್ಬಸ ಹತ್ತಿದಾಗಲೂ ಹಾಗೇ ಆಯಿತು.

"ಇಲ್ಲಿ ಗಾಳಿ ಚಲೋ ಐತಿ. ಇನ್ನ ಮ್ಯಾಲೆ ಹತ್ತಿ ಹಿಂಜೋ ಕಡಿ ಬರಬ್ಯಾಡ ನೀ," ಎಂದ ಅಪ್ಪ.

ಅವ್ವ ರಸ್ತೆ ನೋಡಿದಳು. ಅದಿರಿನ ಲಾರಿಗಳು ಒಂದರ ಹಿಂದೊಂದು ಹೊಗೆ ಬಿಡುತ್ತ ನಿಂತಿದ್ದವು.

"ಲಾರಿ ಎಣಸಾಕ ಕುಂದರಸೀಯೇನು? ಪಗಾರ ಯಾರು ಕೊಡ್ತಾರ?"

ಸುತ್ತಿದ ಹಾಸಿಗೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದ ಅತ್ತೆ, ಅಪ್ಪನ ತಂಗಿ, ನಕ್ಕಳು. "ನಿನ್ನ ಗಂಡ ಮಂಚನಾರ ಹೊರಸ್ಯಾನ, ವೈನಿ. ನನ್ನವಗ ನಾ ಕೆಮ್ಮಿದ್ದು ಕೇಳಂಗೇ ಇಲ್ಲ."

ವರ್ಷಗಟ್ಟಲೆ ಅವ್ವ ಅಲ್ಲೇ ಕೂತು ಗಾದಿ ಹೊಲಿದಳು, ಅಲ್ಲೇ ಮಲಗಿದಳು. ಸಂಜೆಯಾದರೆ ಅವಳ ರೆಪ್ಪೆಗಳ ಮೇಲೂ ಕೆಂಪು ದೂಳು ಕೂತಿರುತ್ತಿತ್ತು. ಗಾದಿಗೆ ಕೆಂಪು ಹತ್ತಿದೆಯೆಂದು ಬ್ರೂಸ್‌ಪೇಟೆಯವರು ವಾಪಸು ಕಳಿಸಿದಾಗ ಅಪ್ಪ ಹೊಲಿಗೆಯನ್ನೂ ಒಳಗೆ ಒಯ್ದ, ಬಾಗಿಲಿಗೆ ದಪ್ಪ ತಾಡಪತ್ರಿ ಕಟ್ಟಿದ. ಹತ್ತಿ ಬೆಳ್ಳಗೆ ಉಳಿಯಿತು. ಅವ್ವ ತಾಡಪತ್ರಿಯ ಹೊರಗೇ ಉಳಿದಳು.

ಲಾರಿಗಳು ಕಡಿಮೆಯಾಗಿ ಎಷ್ಟೋ ವರ್ಷಗಳಾದ ಮೇಲೆ ಅವ್ವನ ಕೆಮ್ಮಿನಲ್ಲಿ ರಕ್ತ ಬಂತು. ಆಸ್ಪತ್ರೆಯ ಡಾಕ್ಟರಮ್ಮ ಶ್ವಾಸಕೋಶದ ಕ್ಯಾನ್ಸರ್ ಎಂದರು. ಗಡ್ಡೆಯ ಚೂರನ್ನು ಬೆಂಗಳೂರಿಗೆ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಡಾಕ್ಟರಮ್ಮನ ಕೋಣೆಯಲ್ಲಿ ಅವ್ವ, ಅಪ್ಪ, ಅಣ್ಣ, ಅತ್ತೆ, ನಾನು, ಎಲ್ಲರೂ ಇದ್ದೆವು.

"ಗಡ್ಡೆಯ ಜೀವಕೋಶಗಳ ಜೀನಿನಲ್ಲಿ ಒಂದು ಬದಲಾವಣೆ ಆಗಿದೆ," ಎಂದರು ಅವರು. "ಬೀಡಿ, ಸಿಗರೇಟು ಸೇದದವರ ಕ್ಯಾನ್ಸರಿನಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಇದಕ್ಕೆ ಮಾತ್ರೆ ಇದೆ. ಪೂರ್ತಿ ವಾಸಿಯಾಗುತ್ತದೆ ಅನ್ನಲಾರೆ."

ಅಪ್ಪ ಕೈಮುಗಿದ. "ನನ್ನ ಹತ್ತಿನಾ ಮಾಡಿತೇನ್ರಿ ಇದನ್ನ?"

"ಹತ್ತಿ ದೂಳಿಗೆ ಉಬ್ಬಸ ಬಂದಿರಬಹುದು. ಈ ಕ್ಯಾನ್ಸರಿಗೂ ಅದೇ ಕಾರಣ ಅನ್ನಲು ನನ್ನಲ್ಲಿ ಆಧಾರವಿಲ್ಲ."

ಅಪ್ಪನ ಮುಖ ಸ್ವಲ್ಪ ಅರಳಿತು. ಹೇಳಬೇಕಾಗಿರಲಿಲ್ಲ, ಆದರೂ ಹೇಳಿದ: "ಹತ್ತಿ ಸನೇಕ ಬಿಟ್ಟಾ ಇಲ್ಲ ಬಿಡ್ರಿ ಆಕೀನ್ನ. ಅಷ್ಟು ವರ್ಷನೂ ರಸ್ತಿ ಕಡಿ ಜಗುಲಿ ಮ್ಯಾಲಾ ಇಟ್ಟೀನಿ. ಗಾಳಿ ಚಲೋ ಅಂತ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಯಾವ ರಸ್ತೆ ಎಂದು ಕೇಳಿದರು. ಅಣ್ಣ ಹೇಳಿದ.  ಆಮೇಲೆ ಡಾಕ್ಟರಮ್ಮ ಹೇಳಿದ್ದು ಇಷ್ಟು: ಇಂಥ ಬದಲಾದ ಜೀವಕೋಶಗಳು ಎಷ್ಟೋ ಜನರ ಶ್ವಾಸಕೋಶದಲ್ಲಿ ಸುಮ್ಮನೆ ಇರುತ್ತವೆ, ಹೊಗೆ, ಸಣ್ಣ ದೂಳು ಒಳಗೆ ಹೋಗಿ ಉರಿಯೂತವಾದರೆ ಅವು ಬೆಳೆಯಲು ತೊಡಗುತ್ತವೆಂದು ಈಗ ತಿಳಿಯುತ್ತಿದೆ, ಅವ್ವನಿಗೆ ಹಾಗೇ ಆಯಿತು ಎಂದು ಯಾವ ವರದಿಯೂ ಖಚಿತವಾಗಿ ಹೇಳಲಾರದು.

ಕೊನೆಯ ಮಾತು ಅಪ್ಪನಿಗೆ ಕೇಳಲಿಲ್ಲವೆಂದು ಕಾಣುತ್ತದೆ. "ನಾನಾ ಹಾಕ್ಸಿದ್ದು ಮಂಚ," ಎಂದ.  

ಅವ್ವ ಅವನ ಕಡೆ ತಿರುಗಿದಳು. "ನೀ ಏನ್ ಕಟ್ಟಿ ಹಾಕಿದ್ದೇನು ನನ್ನ? ಒಳಗ ಹೊತ್ತು ಹೋಗ್ತಿರಲಿಲ್ಲ, ನಾನಾ ಕುಂತಿದ್ದೆ. ಏಳು, ಮಾತ್ರಿ ತರೋಣ."

ಮಾತ್ರೆ ಅವಳನ್ನು ಕೆಲವು ಕಾಲ ಉಳಿಸಿತು. ಅವಳು ಹೋದ ಮೇಲೆ ಅಪ್ಪ ಬಹಳ ದಿನ ಬದುಕಲಿಲ್ಲ. ತಾನೇ ಕೂತಿದ್ದೆನೆಂಬ ಅವಳ ಆ ಮಾತನ್ನು ನಂಬಿದನೋ ಇಲ್ಲವೋ ನನಗೆ ತಿಳಿಯದು. ಅಂದು ಆ ಕೋಣೆಯಲ್ಲಿದ್ದವರಲ್ಲಿ ಅಣ್ಣ ಸಿರುಗುಪ್ಪದಲ್ಲಿದ್ದಾನೆ. ಅತ್ತೆ ಕುರುಗೋಡಿನಲ್ಲಿದ್ದಾಳೆ, ಕಣ್ಣು ಮಂಜಾಗಿದೆ, ನೆನಪು ಚೊಕ್ಕವಾಗಿದೆ. ನಾನು ಹೇಳಿದ್ದು ನಿಜವೋ ಅಲ್ಲವೋ ಎಂದು ಅವರಿಬ್ಬರನ್ನೂ ಕೇಳಬಹುದು.