ಮೂರು ಸಲ ಕರೆಯುವ ಪೆಟ್ಟಿಗೆ

ನಮ್ಮ ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಬಿಳಿ ಪೆಟ್ಟಿಗೆ ಇತ್ತು. ಸಾಬೂನಿನ ಡಬ್ಬಿಯಷ್ಟು ದೊಡ್ಡದು. ಅದರ ಎದುರಿನಿಂದ ಯಾರು ದಾಟಿದರೂ ಒಳಗಿಂದ ನನ್ನ ಸ್ವರ ಬರುತ್ತಿತ್ತು.

ಅಕ್ಕನ ಮಗ ಗಲ್ಫಿನಿಂದ ರಜೆಯಲ್ಲಿ ಬಂದವನು ತಂದು ಹಾಕಿದ್ದು. ಅಕ್ಕನಿಗೆ ಆಗಲೇ ಮರೆವಿನ ಕಾಯಿಲೆ ಜೋರಾಗಿತ್ತು. ಅವಳೂ ನಾನೂ ಸಣ್ಣಂದಿನಿಂದ ಬೀಡಿ ಕಟ್ಟಿದವರು. ಮಧ್ಯಾಹ್ನ ಊಟವಾದ ಮೇಲೆ ಬೀಡಿಯ ಕಟ್ಟುಗಳನ್ನು ಚೀಲಕ್ಕೆ ತುಂಬಿಸಿಕೊಂಡು ಹೈವೇ ದಾಟಿ ಬೀಡಿ ಕಂಪೆನಿಯ ಬ್ರಾಂಚಿಗೆ ಹೋಗಿ ಕೊಟ್ಟು ಬರುವುದು ಅವಳ ಕೆಲಸ. ಆ ಬ್ರಾಂಚು ಮುಚ್ಚಿ ಎಷ್ಟೋ ವರ್ಷವಾಗಿ ಅಲ್ಲೀಗ ಮೊಬೈಲಿನ ಅಂಗಡಿ. ಕೈ ನಡುಗಲು ಶುರುವಾದ ಮೇಲೆ ಅವಳು ಬೀಡಿ ಕಟ್ಟುವುದನ್ನೂ ಬಿಟ್ಟಿದ್ದಳು. ಆದರೂ ಊಟವಾದದ್ದೇ ಖಾಲಿ ಚೀಲ ಹಿಡಿದು ಹೊರಡುತ್ತಿದ್ದಳು. ನಮ್ಮೂರು ಮೊಗ್ರಾಲಿನ ಹೈವೇಯಲ್ಲಿ ಬಸ್ಸುಗಳು ಹೇಗೆ ಓಡುತ್ತವೆ ಎಂದು ಕಂಡವರಿಗೆ ಗೊತ್ತು.

"ಚಿಕ್ಕಮ್ಮ, ಇದಕ್ಕೆ ಬಾಯಿ ಹತ್ತಿರ ತಂದು ಹೇಳಿ, ಹೊರಗೆ ಹೋಗ್ಬೇಡ, ಒಳಗೆ ಬಾ ಅಂತ" ಎಂದ ಅವನು. ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀನೇ ಹೇಳು ಮಾರಾಯ. ಮಗನ ಸ್ವರ ಇರುವಾಗ ನನ್ನದೆಂತಕ್ಕೆ?"

"ನನ್ನ ಗುರ್ತ ಉಂಟಾ ಅಮ್ಮನಿಗೆ? ಬೆಳಿಗ್ಗೆ ಚಾ ಕೊಟ್ಟು, ನಿಮ್ಮ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿದ್ರು."

ಹೇಳಿ ನಕ್ಕ. ನಾನೂ ನಕ್ಕೆ. ಆಮೇಲೆ ಪೆಟ್ಟಿಗೆಗೆ ಹೇಳಿದೆ. ಅದು ನನ್ನ ಮಾತನ್ನೇ ನನಗೆ ತಿರುಗಿ ಹೇಳಿತು. ನನ್ನ ಸ್ವರ ಅಷ್ಟು ಬಿರುಸು ಎಂದು ನನಗೆ ಗೊತ್ತಿರಲಿಲ್ಲ.

ಮೊದಲ ದಿನ ಅಕ್ಕ ಚೀಲ ಹಿಡಿದು ಬಾಗಿಲಿಗೆ ಬಂದಳು. ಪೆಟ್ಟಿಗೆ ಹೇಳಿತು. ಅವಳು ತಿರುಗಲೇ ಇಲ್ಲ, ತುಟಿ ಬಿಗಿ ಹಿಡಿದು ಅಂಗಳಕ್ಕೆ ಇಳಿದಳು. ಮಗ ಓಡಿ ಹೋಗಿ ಕರೆತಂದ. "ಕಿವಿ ಕೇಳುವುದಿಲ್ಲ ಕಾಣ್ತದೆ" ಎಂದ. ಆ ಬಿಗಿದ ತುಟಿ ನೋಡಿ ನನಗೆ ಅರ್ಥವಾಯಿತು. ನಮ್ಮ ಅಮ್ಮ ನಮಗೆ ಕಲಿಸಿದ್ದು ಅದು. ನಡು ಮಧ್ಯಾಹ್ನವಾಗಲಿ ಮುಸ್ಸಂಜೆಯಾಗಲಿ, ಮುಖ ಕಾಣದವರು ಕರೆದರೆ ಓಗೊಡಬಾರದು. ಸತ್ತವರಾದರೆ ಒಂದು ಸಲ ಮಾತ್ರ ಕರೆಯುತ್ತಾರೆ. ಮೂರು ಸಲ ಕರೆದರೆ ಮನುಷ್ಯರು, ಆಗ ಓ ಅನ್ನಬಹುದು. ಹೆತ್ತ ಮಗನನ್ನು ಮರೆತವಳಿಗೆ ಇದು ನೆನಪಿತ್ತು.

ಇದನ್ನು ಅವನಿಗೆ ತಿಳಿಸಿದೆ, ಅವನು ನನ್ನಿಂದ ಪೆಟ್ಟಿಗೆಗೆ ಮತ್ತೆ ಹೇಳಿಸಿದ. ಈ ಸಲ "ಅಕ್ಕಾ, ಅಕ್ಕಾ, ಅಕ್ಕಾ" ಎಂದು ಮೂರು ಸಲ ಕರೆದು ಆಮೇಲೆ "ಒಳಗೆ ಬಾ" ಎಂದೆ. ಮಾರನೆಯ ದಿನ ಅವಳು ಹೊಸ್ತಿಲಲ್ಲಿ ನಿಂತು ಎಣಿಸಿದ ಹಾಗೆ ಕೇಳಿ, "ಓ" ಎಂದು ಹಿಂದೆ ತಿರುಗಿದಳು. ಅವಳ ಮಗ ಗೋಡೆಗೆ ಒರಗಿ ಮುಖ ಒರೆಸಿಕೊಂಡ. ಆ ವಾರವೇ ಅವನ ರಜೆ ಮುಗಿಯಿತು.

ನಾನು ಕೂತು ಬೀಡಿ ಕಟ್ಟುವುದು ಅಡುಗೆಕೋಣೆಯ ಹಿಂದಿನ ಜಗಲಿಯಲ್ಲಿ. ಮಡಿಲಲ್ಲಿ ಮೊರ, ಮೊರದಲ್ಲಿ ಎಲೆ ಮತ್ತು ಹೊಗೆಸೊಪ್ಪು. ಪೆಟ್ಟಿಗೆ ಕರೆದಾಗಲೆಲ್ಲ ಅಕ್ಕ ಮನೆಯೊಳಗಿಂದ ಹಾದು ನನ್ನ ಹತ್ತಿರ ಬರುತ್ತಿದ್ದಳು.

"ಎಂತ ಮಾರಾಯ್ತಿ, ಎಂತಕ್ಕೆ ಕರೆದದ್ದು?"

ವಾಸಿಯಾಗದ ಕಾಯಿಲೆಯವರನ್ನು ನೋಡಲು ಪಂಚಾಯತಿನ ಪಾಲಿಯೇಟಿವ್ ಜೀಪಿನಲ್ಲಿ ಮನೆಗೆ ಬರುತ್ತಿದ್ದ ನರ್ಸ್ ಸಿಸ್ಟರ್, ಮಲಯಾಳ ಬೆರೆಸಿದ ಕನ್ನಡದಲ್ಲಿ, ಅದಕ್ಕೂ ದಾರಿ ಹೇಳಿಕೊಟ್ಟಿದ್ದರು. "ಚೇಚಿ, ಅವರು ಬಂದ್ರೆ ಕೈಗೆ ಏನಾದ್ರೂ ಕೊಡಿ. ಕರೆದದ್ದು ನಾನೇ ಅಂತ ಹೇಳಿ. ಪೆಟ್ಟಿಗೆ ಕರೀಲಿಕ್ಕೆ ಮಾತ್ರ. ಬಾಕಿದ್ದು ನೀವು." ಹಾಗೆಯೇ ಮಾಡಿದೆ. ಈ ನೂಲು ಸುತ್ತು, ಈ ಎಲೆ ಒರೆಸು ಎಂದೆ. ಅವಳು ಕೂತು ಒರೆಸುತ್ತಿದ್ದಳು. ಬ್ರಾಂಚಿನ ನೆನಪು ಹೋಗುತ್ತಿತ್ತು.

ಆದರೆ ಪೆಟ್ಟಿಗೆಗೆ ಬುದ್ಧಿ ಇಲ್ಲ. ಬೆಕ್ಕು ದಾಟಿದರೂ ಕರೆಯುತ್ತಿತ್ತು. ಅಕ್ಕ ಚಾವಡಿಯಲ್ಲಿ ಅತ್ತಿತ್ತ ನಡೆದರೂ ಕರೆಯುತ್ತಿತ್ತು. ಪ್ರತಿ ಸಲವೂ ಅವಳು ಎದ್ದು ಬರಬೇಕು, ನಾನು ಕೈ ಬಿಡಬೇಕು. ದಿನದ ಬೀಡಿ ಮುಗಿಯುತ್ತಿರಲಿಲ್ಲ. ಬೆನ್ನು ನೋಯುತ್ತಿತ್ತು. ಇದೆಲ್ಲ ನೆಪವೋ ಏನೋ. ಒಂದು ದಿನ ಅವಳು ಬಂದು ಕೇಳಿದಾಗ ನನ್ನ ಬಾಯಿಂದ ಬಂತು:

"ನಾನು ಕರೆಯಲಿಲ್ಲ."

"ಕರೆದಿ. ಮೂರು ಸಲ."

"ಇಲ್ಲ ಅಂತ ಹೇಳಿದೆನಲ್ಲ! ಹೋಗಿ ಕೂತ್ಕೋ."

ಅವಳು ನನ್ನ ಬಾಯಿಯನ್ನೇ ನೋಡುತ್ತಾ ನಿಂತಳು. ಆಮೇಲೆ ಸಣ್ಣ ಸ್ವರದಲ್ಲಿ ಕೇಳಿದಳು: "ಹಾಗಾದ್ರೆ ಅದು ಯಾರು?"

ಅದು ಪೆಟ್ಟಿಗೆ ಎಂದು ಹೇಳಬಹುದಿತ್ತು. ಹೇಳಿದರೂ ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ ಅನ್ನಿ. ನಾನು ತಲೆ ತಗ್ಗಿಸಿ ಬೀಡಿ ಕಟ್ಟಿದೆ. ಮರುದಿನವೂ ಹಾಗೆಯೇ ಹೇಳಿದೆ. ಅದರ ಮರುದಿನವೂ. ಸಲೀಸಾಗಿತ್ತು. ಅವಳು ಬರುವುದು ಕಡಿಮೆಯಾಯಿತು. ಪೆಟ್ಟಿಗೆ ಕರೆದರೆ ಚಾವಡಿಯ ಮೂಲೆಗೆ ಹೋಗಿ ಸೆರಗಿನಿಂದ ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ಅದನ್ನು ನಾನು ನೋಡಿದ್ದೇನೆ. ನೋಡಿಯೂ, ಅಂತೂ ಹೊರಗೆ ಹೋಗಲಿಲ್ಲವಲ್ಲ ಎಂದುಕೊಂಡೆ. ಸತ್ತವರು ಮೂರು ಸಲ ಕರೆಯಲು ಕಲಿತಿದ್ದಾರೆ ಎಂದು ಅವಳು ಹೆದರಿದ್ದಳೋ, ನನ್ನ ಸ್ವರವನ್ನು ಯಾರೋ ಕದ್ದಿದ್ದಾರೆ ಎಂದು ತಿಳಿದಿದ್ದಳೋ, ನನಗೆ ಈಗಲೂ ಗೊತ್ತಿಲ್ಲ. ಯಾರನ್ನು ಕೇಳುವುದು?

ಹೀಗಿರುವಾಗ ಒಂದು ಮಧ್ಯಾಹ್ನ ಪೆಟ್ಟಿಗೆ ಕರೆದದ್ದು ಕೇಳಿಸಿತು. ಅವಳು ಒಳಗೆ ಬರಲಿಲ್ಲ. ಹಿಂದಿನ ಜಗಲಿಯಿಂದ ಪಕ್ಕಕ್ಕೆ ಬಗ್ಗಿದರೆ ಗೇಟು ಕಾಣುತ್ತದೆ. ಅಕ್ಕ ಚೀಲ ಹಿಡಿದು ಗೇಟಿನ ಹತ್ತಿರ ಇದ್ದಳು.

ಮೊರ ಮಡಿಲಲ್ಲಿತ್ತು. ಗಬಕ್ಕನೆ ಎದ್ದರೆ ಹೊಗೆಸೊಪ್ಪೆಲ್ಲ ಚೆಲ್ಲುತ್ತದೆ. ಕೂತಲ್ಲಿಂದಲೇ ಕೂಗಿದೆ.

"ಅಕ್ಕಾ!"

ಅವಳು ನಿಂತಳು. ಅವಳ ಹೆಗಲು ಮೇಲೆ ಬಂದದ್ದು ಕಂಡಿತು. ನಿಂತಳಲ್ಲ ಎಂದು ನನಗೆ ಸಮಾಧಾನವಾಯಿತು. ಇನ್ನೆರಡು ಸಲ ಕೂಗಿದೆ. ಅವಳು ತಿರುಗಲಿಲ್ಲ. ಸೆರಗನ್ನು ಕಿವಿಗೆ ಒತ್ತಿ ಹಿಡಿದು ಗೇಟು ದಾಟಿದಳು. ನಡೆಯಲಿಲ್ಲ, ಓಡಿದಳು. ಅವಳು ಓಡಿದ್ದನ್ನು ನಾನು ಹುಡುಗಿಯಾಗಿದ್ದಾಗ ನೋಡಿದ್ದು ಬಿಟ್ಟರೆ ಆವತ್ತೇ. ನನ್ನ ಸ್ವರದಿಂದ ತಪ್ಪಿಸಿಕೊಂಡು ಓಡಿದಳು.

ಮೊರವನ್ನು ಪಕ್ಕಕ್ಕೆ ಇಟ್ಟು ನಾನು ಗೇಟಿಗೆ ಬರುವಾಗ ಹೈವೇಯಲ್ಲಿ ಬಸ್ಸಿನ ಬ್ರೇಕು ಕೇಳಿತು. ಬಸ್ಸು ತಾಗಿರಲಿಲ್ಲ. ಹೆದರಿ ಹಿಂದೆ ಸರಿದವಳು ಚರಂಡಿಗೆ ಬಿದ್ದಿದ್ದಳು. ಸೊಂಟದ ಎಲುಬು ಮುರಿದಿತ್ತು. ಆಪರೇಷನ್ ಆಯಿತು, ನಡೆಯಲು ಆಗಲಿಲ್ಲ.

ಮಗ ಆಸ್ಪತ್ರೆಗೆ ಫೋನು ಮಾಡಿದ. "ಚಿಕ್ಕಮ್ಮ, ಪೆಟ್ಟಿಗೆ ಕೆಟ್ಟಿತ್ತಾ?"

"ಇಲ್ಲ, ಸರಿ ಉಂಟು."

"ಮತ್ತೆ ಹೇಗೆ ಹೋದ್ರು?"

"ಕೇಳಿರ್ಲಿಕ್ಕಿಲ್ಲ" ಎಂದೆ.

ಕೇಳಿತ್ತು. ಅವನಿಗೆ ಇದುವರೆಗೆ ಹೇಳಿಲ್ಲ. ನಾನು ಕರೆಯಲಿಲ್ಲ ಎಂದು ಅಕ್ಕನಿಗೆ ಹೇಳಿದ್ದು ಒಂದು ಲೆಕ್ಕದಲ್ಲಿ ನಿಜವೇ, ಆಗೆಲ್ಲ ಕರೆದದ್ದು ಪೆಟ್ಟಿಗೆ. ನಾನೇ ಕರೆದದ್ದು ಎಂದು ಅದಕ್ಕೆ ಮೊದಲು ಹೇಳುತ್ತಿದ್ದದ್ದು ಸುಳ್ಳು. ಆ ಸುಳ್ಳಿನಲ್ಲಿ ಅವಳು ನೂಲು ಸುತ್ತುತ್ತಾ ನನ್ನ ಪಕ್ಕದಲ್ಲಿ ಕೂತಿರುತ್ತಿದ್ದಳು. ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ತಲೆಗೆ ಇದು ಹೊಂದುವುದಿಲ್ಲ. ಓದಿದವರಿಗಾದರೂ ಹೊಂದುತ್ತದೋ ಏನೋ.

ಮಂಚದಲ್ಲಿ ಮಲಗಿದ ಮೇಲೆ ಅವಳ ಎದುರೇ ಕೂತು ಗಂಜಿ ಉಣಿಸುತ್ತಿದ್ದೆ. ಚಮಚ ಹಿಡಿದು "ಅಕ್ಕಾ" ಎಂದರೆ ಅವಳು ಬಾಯಿ ತೆರೆಯುತ್ತಿರಲಿಲ್ಲ. ನನ್ನ ತುಟಿಯನ್ನು ನೋಡಿ, ಆಮೇಲೆ ನನ್ನ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಿದ್ದಳು, ಕರೆದವರು ಅಲ್ಲಿ ನಿಂತಿದ್ದಾರೋ ಎಂದು. ಕೊನೆಗೆ ನಾನು ಕರೆಯುವುದನ್ನೇ ಬಿಟ್ಟೆ. ಮಾತಾಡದೆ ಚಮಚ ತುಟಿಗೆ ತಾಗಿಸಿದರೆ ಉಣ್ಣುತ್ತಿದ್ದಳು. ಅವಳು ತೀರಿಕೊಳ್ಳುವವರೆಗೆ ನಾವಿಬ್ಬರೂ ಹಾಗೆಯೇ ಇದ್ದೆವು.