ಹುಣಸೆಹಣ್ಣಿನಲ್ಲಿ ತೊಳೆದ ಎಲೆಕ್ಟ್ರೋಡು

ಬಿಸಿಲಿನಿಂದ ನೀರನ್ನು ಒಡೆಯಬಹುದು ಎಂದು ಮೇಡಂ ಮೊದಲ ಸಲ ಹೇಳಿದಾಗ ನಾನು ನಕ್ಕುಬಿಟ್ಟಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಗುಬ್ಬಿಯಿಂದ ದಿನಾ ಬೆಳಗಿನ ರೈಲು ಹಿಡಿದು ತುಮಕೂರಿಗೆ ಹೋಗಿ ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಮೇಡಂ ನನ್ನ ಪ್ರಾಜೆಕ್ಟಿನ ಗೈಡು. ಅಮೃತೂರಿನ ಕಡೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದರೂ ನನಗಿಂತ ಮೊದಲೇ ಲ್ಯಾಬಿನ ಬೀಗ ತೆಗೆದಿರುತ್ತಿದ್ದರು.

ನಕ್ಕಿದ್ದಕ್ಕೆ ಅವರು ಬಯ್ಯಲಿಲ್ಲ. ಲವಣ ಕರಗಿಸಿದ ನೀರಿನ ಬೀಕರಿನಲ್ಲಿ ಒಂದು ಕೆಂಪಗಿನ ತಗಡು, ಅದರೆದುರಿಗೆ ಹಳೇ ಟಾರ್ಚ್ ಶೆಲ್ಲಿನ ಒಳಗಿನ ಕಪ್ಪು ಕಡ್ಡಿ ಇಳಿಸಿದರು. ಎರಡಕ್ಕೂ ವೈರು ಸಿಕ್ಕಿಸಿ, ಇಷ್ಟೇ ಇಷ್ಟು ಕರೆಂಟು ಆಸರೆಗೆ ಕೊಟ್ಟು, ಕಿಟಕಿಯ ಬಿಸಿಲಿಗೆ ಇಟ್ಟರು. ತಗಡಿನ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಎದ್ದವು.

"ಅದು ಹೈಡ್ರೋಜನ್ನು. ಆ ಕಡ್ಡಿ ಹತ್ರ ಬರೋದು ಆಕ್ಸಿಜನ್ನು. ಈಗ ಬಿಸಿಲಿಗೆ ಕೈ ಅಡ್ಡ ಹಿಡಿ" ಅಂದರು.

ಹಿಡಿದೆ. ಗುಳ್ಳೆ ನಿಂತವು. ಕೈ ತೆಗೆದೆ, ಮತ್ತೆ ಎದ್ದವು. ಅವತ್ತು ಇದನ್ನೇ ಮಾಡುತ್ತಾ ಕೂತು ಸಂಜೆಯ ರೈಲು ತಪ್ಪಿಸಿಕೊಂಡೆ.

ಆ ತಗಡು, ಅಂದರೆ ಎಲೆಕ್ಟ್ರೋಡು, ಮಾಡುವುದೇ ನನ್ನ ಪ್ರಾಜೆಕ್ಟು. ತಾಮ್ರದ ತಗಡನ್ನು ತೊಳೆದು, ಎಲೆಕ್ಟ್ರಿಕ್ ಒಲೆಯ ಮೇಲೆ ಕೆಂಡದಂತೆ ಕಾಯಿಸಿ ನಿಧಾನವಾಗಿ ಆರಿಸಬೇಕು. ಮೇಲಿನ ಕಪ್ಪು ಪದರ ತಾನಾಗೇ ಉದುರಬೇಕು, ಕೆಳಗಿನ ಕೆಂಪು ಉಳಿಯಬೇಕು. ಬೆಳಕು ಹಿಡಿಯುವುದು ಆ ಕೆಂಪು. ನನ್ನ ತಗಡುಗಳಲ್ಲೋ, ಕಪ್ಪಿನ ಜೊತೆ ಕೆಂಪೂ ಸುಟ್ಟ ಹಪ್ಪಳದಂತೆ ಎದ್ದು ಬರುತ್ತಿತ್ತು. ಮೂರು ತಿಂಗಳು ಹೆಣಗಾಡಿ ಉಳಿದದ್ದು ಮೂರೇ ಮೂರು ಒಳ್ಳೆಯ ತಗಡು. ದಸರಾ ಮುಗಿದ ನಾಲ್ಕನೇ ದಿನ ಹೊರಗಿನ ಪರೀಕ್ಷಕರು ಬರುವವರಿದ್ದರು. ಅವರ ಕಣ್ಣೆದುರು ಗುಳ್ಳೆ ಏಳಲಿಲ್ಲ ಅಂದರೆ ಆ ವರ್ಷದ ಡಿಗ್ರಿ ಕೈ ಬಿಟ್ಟ ಹಾಗೆ. ಲ್ಯಾಬಿನಲ್ಲಿ ಬಿಟ್ಟರೆ ಯಾರಾದರೂ ಮುಟ್ಟಿಯಾರು ಎಂದು, ಮಹಾ ಜಾಣೆ ನಾನು, ಮೂರನ್ನೂ ಮನೆಗೆ ತಂದು ಕಪಾಟಿನಲ್ಲಿಟ್ಟೆ.

ಆಯುಧಪೂಜೆಯ ದಿನ ಸ್ನಾನ ಮುಗಿಸಿ ದೇವರ ಮುಂದೆ ಬಂದರೆ ಅಪ್ಪನ ಸ್ಕೂಟರಿನ ಕೀ, ಈಳಿಗೆಮಣೆ, ಅಮ್ಮನ ಕತ್ತರಿ ಸಾಲಾಗಿದ್ದವು. ಪಕ್ಕದಲ್ಲಿ ನನ್ನ ಮೂರು ತಗಡು, ಫಳಫಳ ಹೊಳೆಯುತ್ತಾ, ಒಂದೊಂದಕ್ಕೂ ಕುಂಕುಮ ಇಡಿಸಿಕೊಂಡು.

"ನಿನ್ ಆಯುಧ ಅಲ್ವೇನೇ ಅವು?" ಅಂದಳು ಅಮ್ಮ, ಖುಷಿಯಿಂದ. "ಏನ್ ಕಿಲುಬು ಹಿಡಿದಿತ್ತು ಅಂತೀಯ! ಹುಣಸೆಹಣ್ಣು ಹಾಕಿ ಎಷ್ಟೊತ್ತು ತಿಕ್ಕಿದೀನಿ ಗೊತ್ತಾ?"

ಆ ಕಿಲುಬೇ ನನ್ನ ಕೆಂಪು ಪದರ, ನನ್ನ ಮೂರು ತಿಂಗಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಪಾತ್ರೆ ತಿಕ್ಕೋದು ಬಿಟ್ಟು ಇನ್ನೇನ್ ಗೊತ್ತು ನಿಂಗೆ?" ಎಂದು ಬೀದಿಗೆ ಕೇಳುವಂತೆ ಕಿರುಚಿದೆ. ಅಮ್ಮ ಸೆರಗಿನಿಂದ ಕುಂಕುಮ ಒರೆಸಿ, ತಗಡುಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಬ್ಯಾಗಿನೊಳಗಿಟ್ಟಳು.

ಕಾಲೇಜು ತೆರೆದ ದಿನ ಅಳುತ್ತಾ ಮೇಡಂಗೆ ನಡೆದದ್ದನ್ನು ಹೇಳಿ, ತಗಡು ಸುತ್ತಿದ್ದ ಬಟ್ಟೆ ಬಿಚ್ಚಿದೆ. ಮೇಡಂ ಒಂದು ತಗಡನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿದರು. ನನ್ನನ್ನು ನೋಡಲೇ ಇಲ್ಲ.

"ನೀನು ಇಷ್ಟು ಚೆನ್ನಾಗಿ ಒಂದು ದಿನಾನೂ ತೊಳ್ದಿಲ್ಲ. ನೋಡು, ಒಂದು ಬೆರಳಿನ ಗುರುತಿಲ್ಲ. ನಾಳೆ ಅಮ್ಮನ್ನ ಕರ್ಕೊಂಡ್ ಬಾ."

ಅವರನ್ನು ನಾನು ಇಷ್ಟು ವರ್ಷ ಮೆಚ್ಚಿಕೊಂಡು ಬಂದಿದ್ದರೆ ಅದಕ್ಕೆ ಈ ಮಾತೇ ಮೊದಲ ಕಾರಣ. ಬೇರೆ ಯಾರಾದರೂ ಆಗಿದ್ದರೆ ಹೋದದ್ದನ್ನು ಲೆಕ್ಕ ಹಾಕುತ್ತಿದ್ದರು.

ಮನೆಗೆ ಹೋಗಿ ತಲೆ ತಗ್ಗಿಸಿ ಕರೆದೆ. ಅಮ್ಮ ಬಂದಳು, ಸ್ಟೀಲ್ ಡಬ್ಬಿಯಲ್ಲಿ ಹುಣಸೆಹಣ್ಣು ತುಂಬಿಕೊಂಡು. ಲ್ಯಾಬಿನ ಸಿಂಕಿನ ಮುಂದೆ ಸೆರಗು ಸಿಕ್ಕಿಸಿ ನಿಂತು ಹೊಸ ತಗಡುಗಳನ್ನು ತಿಕ್ಕಿದಳು. ತೊಳೆದ ಮರುಗಳಿಗೆಗೇ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಒತ್ತಿ ಒರೆಸಿದಳು.

"ನೀರು ಹಂಗೇ ಬುಟ್ರೆ ಕಲೆ ಕೂರ್ತದೆ. ಮೈ ಮುಟ್ಬೇಡ, ಅಂಚು ಹಿಡ್ಕೊ" ಎಂದಳು. ಮೇಡಂ ನೋಟ್‌ಬುಕ್ಕು ತೆಗೆದು ಅದನ್ನೆಲ್ಲ ಬರೆದುಕೊಂಡರು. ಅಮ್ಮನಿಗೆ ನಾಚಿಕೆಯೋ ನಾಚಿಕೆ.

ಕಾಯಿಸಿದೆವು, ಆರಿಸಿದೆವು. ಕಪ್ಪು ಪದರ ಚಟಪಟ ಸಿಡಿದು ಉದುರಿತು. ಕೆಂಪು ಕೂತಲ್ಲೇ ಕೂತಿತು. ನನ್ನ ಬೆರಳಿನ ಜಿಡ್ಡೇ ಮೂರು ತಿಂಗಳು ನನ್ನನ್ನು ಆಟ ಆಡಿಸಿತ್ತು.

ರಿಪೋರ್ಟಿನಲ್ಲಿ ಮಾತ್ರ ನಾನು ಹುಣಸೆಹಣ್ಣು ಎನ್ನದೆ, ಅದರ ಹುಳಿಯ ಇಂಗ್ಲಿಷ್ ಹೆಸರು ಹಿಡಿದು ಠೀವಿಯಿಂದ, 'ಟಾರ್ಟಾರಿಕ್ ಆಮ್ಲದ ದುರ್ಬಲ ದ್ರಾವಣದಿಂದ ಶುಚಿಗೊಳಿಸಲಾಯಿತು' ಎಂಬರ್ಥದಲ್ಲಿ ಬರೆದೆ. ಮೇಡಂ ಓದಿ, "ಆ ಆಸಿಡ್ ಬಾಟ್ಲಿ ಎಲ್ಲಿದೆ, ತೋರ್ಸು" ಅಂದರು. ಇದ್ದರೆ ತಾನೇ? "ಏನ್ ಮಾಡಿದ್ಯೋ ಅದನ್ನ ಬರಿ." ಆ ಹಾಳೆಯನ್ನು ಮತ್ತೆ ಟೈಪ್ ಮಾಡಿಸಿದೆ.

ಪರೀಕ್ಷೆಯ ದಿನ ಅಮ್ಮನೂ ಬಂದು ಬಾಗಿಲಾಚೆಯ ಬೆಂಚಿನ ಮೇಲೆ ಕೂತಿದ್ದಳು. ಗುಳ್ಳೆಗಳು ಎದ್ದವು. ಪರೀಕ್ಷಕರು ತಮ್ಮ ಡೈರಿಯನ್ನೇ ಬಿಸಿಲಿಗೆ ಅಡ್ಡ ಹಿಡಿದರು, ತೆಗೆದರು, ಮತ್ತೆ ಹಿಡಿದರು. ಆಮೇಲೆ ರಿಪೋರ್ಟು ತಿರುವಿ ಆ ಹಾಳೆಯಲ್ಲಿ ಬೆರಳಿಟ್ಟರು.

"ಹುಣಸೆಹಣ್ಣಾ? ಯಾರಮ್ಮ ಇದನ್ನ ಹೇಳ್ಕೊಟ್ಟಿದ್ದು?"

ಮೇಡಂ ನನ್ನ ಕಡೆ ನೋಡಿದರು. ನಾನು ದನಿ ಎತ್ತಿ ಹೇಳಿದೆ.

"ನಮ್ಮಮ್ಮ, ಸರ್. ಅವ್ರಿಗೆ ಪಾತ್ರೆ ತಿಕ್ಕೋದು ಗೊತ್ತು."

ಸಂಜೆಯ ರೈಲಿನಲ್ಲಿ ಕಿಟಕಿ ಪಕ್ಕ ಕೂತ ಅಮ್ಮ, ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಹಬ್ಬದ ದಿನದಿಂದ ಎತ್ತದಿದ್ದ ಮಾತನ್ನು ಎತ್ತಿದಳು.

"ಅವತ್ತು ಬೀದಿಗೆಲ್ಲ ಕೇಳೋ ಹಂಗೆ ಅಂದಿದ್ದೆ. ಇವತ್ತೂ ಜೋರಾಗೇ ಅಂದೆ ಕಣೇ, ಹೊರಗಡೆ ತಂಕ ಕೇಳಿಸ್ತು."