ನುಂಗಬ್ಯಾಡ ಎಂದವನು ನಾನೇ

ಕಸ್ತೂರಿಬಾಯಿ, ನಿಮ್ಮವ್ವ ಉಗುಳು ನುಂಗಿದ್ದರಿಂದ ರೋಗ ಕುತ್ತಿಗೆಗೆ ಇಳಿಯಲಿಲ್ಲ. ಅದು ಹಾಗೆ ಇಳಿಯುವುದೇ ಇಲ್ಲ. ನನಗೆ ಅಂದೂ ಗೊತ್ತಿತ್ತು — ಗೊತ್ತಿದ್ದೂ ಅವಳ ಮುಖ ನೋಡಿ ಹೌದು ಎಂದೆ.

ನೀವು ಮರಾಠಿ ಸಾಲಿಯಲ್ಲಿ ಕಲಿತವರು. ಕನ್ನಡ ಮಾತಾಡುತ್ತೀರಿ, ಓದಲಾರಿರಿ. ಆ ಧೈರ್ಯದ ಮೇಲೆಯೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನನ್ನ ಶೌರ್ಯ ಯಾವತ್ತೂ ಇಷ್ಟೇ.

ತೊಂಬತ್ತರ ದಶಕದ ಕೊನೆ. ಸೊಲ್ಲಾಪುರದ ಒಂದು ಸ್ಕ್ಯಾನ್ ಕೇಂದ್ರದಲ್ಲಿ ನಾನು ಎಂ.ಆರ್.ಐ. ಯಂತ್ರ ನಡೆಸುತ್ತಿದ್ದೆ. ಕರಜಗಿಯಿಂದ ಎರಡು ಎಸ್.ಟಿ. ಬಸ್ಸು ಬದಲಿಸಿ ನೀವು ಅವ್ವ ಭೌರವ್ವನನ್ನು ಕರೆತಂದಿರಿ. ಮಿಶ್ರಿ ತಿಕ್ಕಿ ತಿಕ್ಕಿ, ಆ ಸುಟ್ಟ ತಂಬಾಕಿನ ಪುಡಿಯಿಂದ, ಅವಳ ಗಲ್ಲದೊಳಗೆ ಕ್ಯಾನ್ಸರ್ ಆಗಿತ್ತು. ಸರ್ಜನ್‌ಗೆ ಬೇಕಾದದ್ದು ಒಂದೇ ಉತ್ತರ: ಅದು ಕುತ್ತಿಗೆಯ ಗಂಟುಗಳಿಗೆ ಹರಡಿದೆಯೇ? ಹರಡಿದ್ದರೆ ಗಲ್ಲದ ಜೊತೆಗೇ ಕುತ್ತಿಗೆಯನ್ನೂ ತೆರೆದು ಗಂಟು ತೆಗೆಯಬೇಕು. ಇಲ್ಲವಾದರೆ ಗಲ್ಲವಷ್ಟೇ.

ಚಿತ್ರ ತೆಗೆಯುವಾಗ ನುಂಗಿದರೆ ಗಂಟಲು ಅಲುಗಿ ಚಿತ್ರ ಕಲಸಿಹೋಗುತ್ತದೆ. ಹುಣ್ಣಾದ ಬಾಯಿಯಲ್ಲೋ ಜೊಲ್ಲು ನಿಲ್ಲುವುದಿಲ್ಲ. ನಡುನಡುವೆ ಯಂತ್ರ ನಿಲ್ಲಿಸಿ ನುಂಗಲು ಬಿಡಬೇಕು — ಅಷ್ಟು ಸಾಕು. ನಾನು ಬಿಡಲಿಲ್ಲ. ಮೈಕಿನಲ್ಲಿ ಒದರಿದೆ:

"ಏ ಮಾವಶಿ, ನುಂಗಬ್ಯಾಡ ಅಂತ ಎಷ್ಟ ಸಲ ಹೇಳಬೇಕ? ನುಂಗಿದ್ರ ಎಲ್ಲಾ ಹಾಳಾಗ್ತದ. ಸಾಯ್ಬೇಕಂತ ಮಾಡೀಯೇನ?"

"ಬಾಯಿ ತುಂಬಿ ಬರ್ತದ್ರೀ ಯಪ್ಪಾ..."

ಕುತ್ತಿಗೆಯ ಚಿತ್ರಗಳು ಅರ್ಧಕ್ಕರ್ಧ ಮಸುಕು. ಮತ್ತೊಮ್ಮೆ ತೆಗೆಯಬೇಕಿತ್ತು. ಆದರೆ ಬಹಳ ತಡ ಮಾಡುತ್ತೀ ಎಂದು ಮಾಲೀಕರು ಆ ವಾರ ಎರಡು ಸಲ ಬೈದಿದ್ದರು. ಫಿಲ್ಮಿಗೆ ಯಾವ ಚಿತ್ರ ಇಳಿಸಬೇಕೆಂದು ಆರಿಸುವವನು ನಾನೇ. ಮಸುಕಾದವನ್ನು ಬಿಟ್ಟೆ, ಚೊಕ್ಕ ಇದ್ದವನ್ನು ಇಳಿಸಿದೆ. ಡಾಕ್ಟರು ಅದನ್ನೇ ನೋಡಿ, ಕುತ್ತಿಗೆಯಲ್ಲಿ ಏನೂ ಕಾಣುವುದಿಲ್ಲ ಎಂದು ಬರೆದರು. ಸರ್ಜನ್ ಗಲ್ಲವಷ್ಟೇ ಕೊಯ್ದರು.

ಮನೆಯ ಬೀಗವನ್ನು ಮೂರು ಸಲ ಜಗ್ಗಿ ನೋಡುವವನು ನಾನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ದಾರಿಯ ಕುಂಭಾರಿಯಲ್ಲಿ ಬಸ್ಸಿಳಿದು ತಿರುಗಿ ಬಂದವನು. ಅಂಥವನಿಗೆ ಒಂದು ಕುತ್ತಿಗೆಯನ್ನು ಎರಡನೆಯ ಸಲ ನೋಡಬೇಕೆನಿಸಲಿಲ್ಲ. ಚಿಂತೆ ಮಾಡುವವರು ಒಳ್ಳೆಯವರೆಂದು ಜನ ತಿಳಿಯುತ್ತಾರೆ. ನನ್ನ ಚಿಂತೆಯೆಲ್ಲ ನನ್ನದೇ.

ಐದು ತಿಂಗಳಿಗೆ ನೀವು ಮತ್ತೆ ಬಂದಿರಿ. ಅವಳ ಬಾಯಿ ಸೊಟ್ಟಗಾಗಿತ್ತು; ದವಡೆಯ ಕೆಳಗೆ ನಿಂಬೆಕಾಯಿಯಷ್ಟು ಗಂಟು. ಸೆರಗಿನ ಮರೆಯಲ್ಲಿ ಒಂದು ಸ್ಟೀಲ್ ಲೋಟ — ಗಳಿಗೆಗೊಮ್ಮೆ ಅದರಲ್ಲಿ ಉಗುಳುತ್ತಿದ್ದಳು.

"ನೀವರ ಹೇಳ್ರಿ ಸಾಹೇಬ್ರ," ಎಂದಿರಿ ನೀವು. "ಎರಡ ದಿನಾ ಆತು, ನೀರ ಸೈತ ಕುಡಿವಲ್ಲಳು. ಅವತ್ತ ಒಂದೀಟ ಗಂಟಲ ತಡೀಲಿಲ್ಲ, ಈಗ ಶಾಣ್ಯಾಕಿ ಆಗ್ಯಾಳ."

ಭೌರವ್ವ ತೊದಲುತ್ತ ನನ್ನನ್ನೇ ಕೇಳಿದಳು: "ನಾ ಅವತ್ತ ನುಂಗಿದ್ದಕ್ಕ ಇಲ್ಲಿಗಿ ಇಳೀತಲ್ರೀ? ನೀವು ಖರೇನ ಹೇಳಿದ್ರಿ. ಈಗ ನುಂಗಿದ್ರ ಎದಿಗಿ ಇಳೀತದ, ಹೌದಲ್ರೀ?"

ಇಲ್ಲ ಮಾವಶಿ, ನೀರು ಕುಡಿ — ಇಷ್ಟೇ ಸಾಕಿತ್ತು. ಆದರೆ ಆ ಮಾತಿನ ಬೆನ್ನಿಗೇ ನೀವು ಕೇಳುತ್ತಿದ್ದಿರಿ: ಹಾಗಿದ್ದರೆ ಅವತ್ತಿನ ಚಿತ್ರದಲ್ಲಿ ಯಾಕೆ ಕಾಣಲಿಲ್ಲ? ಪಕ್ಕದಲ್ಲಿ ಡಾಕ್ಟರು ಹಳೆಯ ಫಿಲ್ಮನ್ನು ಬೆಳಕಿಗೆ ಹಿಡಿದು ನಿಂತಿದ್ದರು.

"ಹೌದಲ್ಲ," ಎಂದೆ. "ನಾ ಅವತ್ತ ಹೇಳಿದ್ದೆ."

ಅವಳು ನಿಮ್ಮ ಕಡೆ ತಿರುಗಿ ತಲೆಯಾಡಿಸಿದಳು, ನೋಡಿದಿಯಾ ಎನ್ನುವಂತೆ.

ಆ ದಿನ ಯಂತ್ರದೊಳಗೆ ಅವಳು ಒಮ್ಮೆಯೂ ನುಂಗಲಿಲ್ಲ. ಕಟಬಾಯಿಯಿಂದ ಜೊಲ್ಲು ಇಳಿದು ದಿಂಬು ತೊಯ್ದಿತ್ತು. ಅಷ್ಟು ಸ್ಪಷ್ಟವಾದ ಕುತ್ತಿಗೆಯ ಚಿತ್ರ ನಾನು ಅದುವರೆಗೆ ತೆಗೆದಿರಲಿಲ್ಲ. ಎರಡೂ ಬದಿಯ ಗಂಟುಗಳನ್ನು ಎಣಿಸಬಹುದಿತ್ತು. "ಭಾರಿ ತಗದೀ ನೋಡಪಾ" ಎಂದು ಡಾಕ್ಟರು ನನ್ನ ಬೆನ್ನು ತಟ್ಟಿದರು. ನಾನು — ಹೇಳಲು ನಾಚಿಕೆ — ಹಿಗ್ಗಿದೆ.

ಕೆಲವು ವಾರಗಳ ಮೇಲೆ ಉಳಿದ ಕಾಗದ ಒಯ್ಯಲು ನೀವೊಬ್ಬರೇ ಬಂದಿರಿ. "ಜೀವಾ ಹೋಗುಮುಂದ ಬಾಯಾಗ ನೀರ ಬಿಟ್ವಿ. ಅದನ್ನೂ ಉಗುಳಿದ್ಳ್ರೀ," ಎಂದಿರಿ. "ಕಡೀತನಕ ಬೈಕೋತನ ಇದ್ದೆ ನಾ ಆಕಿಗಿ." ನಾನು ಕಾಗದ ಹುಡುಕುವವನಂತೆ ಕಪಾಟಿನೊಳಗೆ ಮುಖ ಹಾಕಿದೆ.

ಈಗ ನನಗೆ ಐವತ್ತೆರಡು. ಹೋದ ತಿಂಗಳು ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿರಿ. ನೀವೇ ಗುರುತು ಹಿಡಿದಿರಿ. ಮಗಳಿಗೆ ತೋರಿಸಿದಿರಿ: "ಇವರ ನೋಡ, ನಿಮ್ಮ ಆಯಿಗಿ, ನಮ್ಮವ್ವಗ, ಮೊದ್ಲ ಹೇಳಿದವರು. ಆಕೀನ ಕೇಳಲಿಲ್ಲ." ಆ ಹುಡುಗಿ ಬಾಗಿ ನನ್ನ ಕಾಲು ಮುಟ್ಟಿದಳು. ನಾನು — ಮುಟ್ಟಿಸಿಕೊಂಡೆ.

ಚಿತ್ರ ಸರಿಯಿದ್ದರೂ ಆಗ ಗಂಟು ಕಾಣುತ್ತಿತ್ತೋ ಇಲ್ಲವೋ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದುಹಾಕಿದೆ. ಲೋಟ ಹಿಡಿದು ಕೇಳಿದವಳಿಗೂ ಆ ಸಾಲಿಗೂ ಸಂಬಂಧವಿಲ್ಲ.

ನೀವು ಇದನ್ನು ಓದಲಾರಿರಿ. ಆದ್ದರಿಂದ ಕರಜಗಿಗೆ ಬರುತ್ತೇನೆ; ಮಗಳನ್ನೂ ಕೂರಿಸಿಕೊಳ್ಳಿರಿ, ಮೊದಲ ಸಾಲಿನಿಂದ ಓದಿ ಹೇಳುತ್ತೇನೆ. ಮನೆಗೆ ಬಂದವನೆಂದು ನೀವು ನೀರು ತಂದಿಡುತ್ತೀರಿ. ಓದಿ ಮುಗಿಯುವವರೆಗೆ ಅದನ್ನು ಮುಟ್ಟುವುದಿಲ್ಲ. ಆಮೇಲೆ ಕುಡಿ ಎನ್ನುವುದೋ, ಲೋಟ ಎತ್ತಿಕೊಂಡು ಒಳಗೆ ಹೋಗುವುದೋ — ನಿಮಗೆ ಬಿಟ್ಟದ್ದು.